ಎಂಟರ್ ಒತ್ತಿದರೂ ಬಾರದ ಡಾಕ್ಟರು

ಹುಲ್ಲಹಳ್ಳಿ ಕಡೆಯ ಹಾಲಿನ ಡೇರಿಯೊಂದಕ್ಕೆ, ದನದ ಡಾಕ್ಟರನ್ನು ಕರೆಸುವ ವೆಬ್ ಪುಟ ಮಾಡಿಕೊಟ್ಟಿದ್ದೆ. ಕಾರ್ಯದರ್ಶಿ ಮಾದೇವಮ್ಮ ಫೋನಿನಲ್ಲೇ ರೇಗಿದರು: "ಅಸು ಮೇವು ಮುಟ್ತಿಲ್ಲ. ನೆನ್ನೇನೇ ಕಳ್ಸಿದೀನಿ, ಡಾಕ್ಟ್ರು ಪತ್ತೇನೇ ಇಲ್ವಲ್ಲ ಸಾ!"

ಹೋಗಿ ನೋಡಿದೆ. ಹಾಲಿನ ಒದ್ದೆ ಕೈಗೆ ಮೌಸ್ ಜಾರುತ್ತದೆಂದು ಅವರು ಬೆರಳ ಗೆಣ್ಣಿನಿಂದ ಎಂಟರ್ ಕುಟ್ಟುತ್ತಿದ್ದರು. ನನ್ನ ಕೋಡೋ, 'ಕಳಿಸಿ' ಬಟನ್ ಒತ್ತಿದ ಗುರುತಿಲ್ಲವೆಂದು, ಬಂದ ಮನವಿಯನ್ನೇ ಬಿಸಾಕುತ್ತಿತ್ತು.

ವಿಷಯ ಹೇಳಿದೆ. "ಬೆಲ್ ಒತ್ತದೆ ಬಂದ ನೆಂಟ್ರನ್ನ ವಾಪಸ್ ಕಳಿಸ್ತೀರಾ ನೀವು?" ಎಂದರು.

ಬಟನ್ ವಿಚಾರಿಸುವುದನ್ನು ತೆಗೆದು, ಮನವಿ ಬಂದಿದೆಯೇ ಎಂದಷ್ಟೇ ನೋಡುವಂತೆ ಕೋಡ್ ಬದಲಿಸಿದೆ. ಮಾದೇವಮ್ಮ ಮತ್ತೊಮ್ಮೆ ಎಂಟರ್ ಕುಟ್ಟಿದರು.

ಮಧ್ಯಾಹ್ನ ಡಾಕ್ಟರು ಡೇರಿ ಬಾಗಿಲಲ್ಲಿ ನಿಂತು, ಬೆಲ್ ಒತ್ತದೆ "ಅಕ್ಕಾ" ಎಂದು ಕೂಗಿದರು. ಮಾದೇವಮ್ಮ ಅವರತ್ತ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಾ ಕೇಳಿದರು: "ಇವ್ರನ್ನ ಒಳಕ್ಕೆ ಬಿಟ್ಕಳದಾ ಸಾ?"