ಡಿಕ್ಕಿಯಲ್ಲಿ ಗ್ಯಾಸು, ಸೀಟಿನ ಮೇಲೆ ಬಂಗಡೆ

ಕಾರವಾರದಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಅಂಕೋಲೆಗೆ ಹದಿನೆಂಟು ರೂಪಾಯಿ, ಒಂದು ತಾಸಿನ ದಾರಿ. ಮಳೆಗಾಲ ಮುಗಿದು ಬಿಸಿಲು ಆಗಲೇ ಚುರುಕಾಗಿತ್ತು. ರಾಮನಗುಳಿಯಲ್ಲಿ ಅಕ್ಕನ ಹೊಸ ಮನೆಯ ಒಕ್ಕಲಿನ ಊಟ. ಬ್ಯಾಂಕಿಗೆ ರಜೆ ಹಾಕಿ, ಹೊಸ ಸೀರೆ ಉಟ್ಟು, ಸ್ವಲ್ಪ ಗತ್ತಿನಲ್ಲೇ ಹೊರಟಿದ್ದೆ.

ಅಂಕೋಲೆಯಲ್ಲಿ ಬನ್ಸ್ ತಿಂದು ಚಾ ಕುಡಿದು, ರಾಮನಗುಳಿಗೆ ದಿನಾ ಜನ ಒಯ್ಯುವ ಗಣಪತಿಯ ವ್ಯಾನಿನ ಹಿಂದಿನ ಸೀಟು ಹಿಡಿದೆ. ಹಟ್ಟಿಕೇರಿಯ ಗಣಪತಿ ಹಳೆಯ ಪರಿಚಯದವನು. ಪೆಟ್ರೋಲ್ ಲೀಟರಿಗೆ ಐವತ್ತರ ಹತ್ತಿರ ಬಂದ ಮೇಲೆ ಗಾಡಿ ಮಾರಿಬಿಡುತ್ತೇನೆಂದು ಗೊಣಗುತ್ತಿದ್ದವನು, ಹಿಂದಿನ ದಿನವಷ್ಟೇ ಹುಬ್ಬಳ್ಳಿಯಲ್ಲಿ ಗ್ಯಾಸ್ ಕಿಟ್ ಹಾಕಿಸಿಕೊಂಡು ಬಂದಿದ್ದ.

"ಗುಂಡಿ ಈ ಬದಿ ಒತ್ತಿದ್ರೆ ಪೆಟ್ರೋಲು, ಆ ಬದಿ ಒತ್ತಿದ್ರೆ ಗ್ಯಾಸು. ಗಾಡಿ ಉಳೀತು ಅಕ್ಕಾ" ಎಂದ, ಮುಖವರಳಿಸಿ.

ಅಷ್ಟರಲ್ಲಿ ಕೇಣಿಯ ದೇವಕಕ್ಕ ಬಂಗಡೆ ಬುಟ್ಟಿ ಹೊತ್ತು ಬಂದಳು. ಅವಳ ಮೀನು ರಾಮನಗುಳಿಗೆ ಹೋಗುತ್ತಿದ್ದದ್ದು ವರ್ಷಗಳಿಂದ ಇದೇ ವ್ಯಾನಿನ ಡಿಕ್ಕಿಯಲ್ಲಿ. ನೀರು ಸೋರುವ ಬುಟ್ಟಿಯನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಹಿಂದಿನ ಬಾಗಿಲು ಎತ್ತಿದವಳು ಹಾಗೇ ನಿಂತಳು. ಬುಟ್ಟಿ ಇಡುವ ಜಾಗದಲ್ಲಿ ಗ್ಯಾಸಿನ ಟ್ಯಾಂಕು ಅಡ್ಡ ಮಲಗಿತ್ತು.

"ಇದೆಂತದಾ ತಮಾ? ನಾನು ಬುಟ್ಟಿ ಎಲ್ಲಿ ಇಡುದು?"

ಗಣಪತಿಯ ಮುಖ ಸಪ್ಪೆಯಾಯಿತು. ಕಿಟ್ ಹಾಕಿಸುವ ಗಡಿಬಿಡಿಯಲ್ಲಿ ಅವನಿಗೆ ಈ ಬುಟ್ಟಿ ನೆನಪೇ ಆಗಿರಲಿಲ್ಲ.

"ಇದ್ರ ಮೇಲೇ ಇಡ್ತೆ ಹಂಗಾರೆ" ಎಂದಳು ದೇವಕಕ್ಕ.

"ಬ್ಯಾಡ ದೇವಕಕ್ಕಾ. ಉಪ್ಪುನೀರು ಬಿದ್ರೆ ವಾಲ್ವ್ ತುಕ್ಕು ಹಿಡೀತದೆ. ಮೇಲೆ ಎಂತದೂ ಇಡುಕಿಲ್ಲ ಅಂದಾರೆ."

"ಗಾಡಿ ಮೇಲಿನ ಕ್ಯಾರಿಯರಿಗೆ ಕಟ್ಟಬಹುದಲ್ಲ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಈ ಬಿಸಿಲಿಗೆ ಬಂಗಡೆ ಅಲ್ಲೇ ಬೆಂದ್ ಹೋತದೆ!" ದೇವಕಕ್ಕ ನನ್ನನ್ನು ಗದರಿದಳು. ಆಮೇಲೆ ದನಿ ಇಳಿಸಿ, "ಇವತ್ತೊಂದಿನ ಹೆಂಗಾರೂ ಮುಟ್ಸು ತಮಾ. ನಾಳೆಯಿಂದ ಬರುದಿಲ್ಲ" ಎಂದಳು. ಅಂಕೋಲೆ ಪೇಟೆಯಲ್ಲಿ ಕೂತು ಮಾರಲು ಅವಳಿಗೆ ಜಾಗವಿಲ್ಲ. ರಾಮನಗುಳಿ ತಪ್ಪಿದರೆ ವ್ಯಾಪಾರವೇ ತಪ್ಪಿದಂತೆ.

ಕೊನೆಗೆ ಬುಟ್ಟಿ ಹಿಂದಿನ ಸೀಟಿನ ಮೇಲೆ, ನನ್ನ ಮತ್ತು ದೇವಕಕ್ಕನ ನಡುವೆ ಬಂದು ಕೂತಿತು. ಅಲ್ಲಿದ್ದ ಒಬ್ಬರು ಮೂಗು ಮುಚ್ಚಿಕೊಂಡು ಇಳಿದುಹೋದರು. ಪೆಟ್ರೋಲಿನಲ್ಲಿ ಹೊರಟ ವ್ಯಾನು ಊರು ದಾಟಿದ ಮೇಲೆ ಗ್ಯಾಸಿಗೆ ಬದಲಾಯಿತು. ಒಮ್ಮೆ ಮುಗ್ಗರಿಸಿದಂತಾಗಿ ಮತ್ತೆ ಸರಾಗ ಓಡಿತು. ಏರಿನಲ್ಲಿ ಮಾತ್ರ ತುಸು ಏದುಸಿರು. ತಿರುವಿಗೊಮ್ಮೆ ಬಂಗಡೆ ನೀರು ಹುಡುಕಿಕೊಂಡು ನನ್ನ ಸೀರೆಗೇ ಬರುತ್ತಿತ್ತು. ಬೈಯೋಣವೆಂದರೆ ಯಾರನ್ನು? ದೇವಕಕ್ಕ ಗಂಗಾವಳಿ ಹೊಳೆಯ ಕಡೆ ಮುಖ ಮಾಡಿ ಕೂತುಬಿಟ್ಟಿದ್ದಳು. ಗಣಪತಿ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

"ಊಟಕ್ಕೆ ಬಂದ್ಯೋ, ಮೀನು ಮಾರುಕೆ ಬಂದ್ಯೋ?" ಎಂದು ಅಕ್ಕ ಬಾಗಿಲಲ್ಲೇ ನಕ್ಕಳು. ಅವಳದೇ ಸೀರೆ ಉಟ್ಟು ಊಟ ಮಾಡಿದೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಮೂರು ಗಂಟೆಗೆ ವ್ಯಾನಿನ ಹತ್ತಿರ ಬಂದರೆ, ನಾನು ಕೂತು ಬಂದ ಸೀಟು ಚಾ ಅಂಗಡಿಯ ಮುಂದಿತ್ತು! ಇಬ್ಬರು ಅದರ ಮೇಲೆ ಆರಾಮಾಗಿ ಕೂತು ಚಾ ಕುಡಿಯುತ್ತಿದ್ದರು. ಗಣಪತಿ ನಟ್ಟು ಬಿಚ್ಚುವ ಪಾನಾ ಹಿಡಿದು ಬೆವರುತ್ತ ನಿಂತಿದ್ದ.

"ಇದೆಂತ ಮಾಡಿದ್ಯೋ? ಮೂವರ ಬಾಡಿಗೆ ಹೋಯ್ತಲ್ಲ?" ಎಂದೆ.

"ಹೋಯ್ತು ಅಕ್ಕಾ. ಗ್ಯಾಸಿನಲ್ಲಿ ಉಳಿದದ್ದು ಅರ್ಧ ಇಲ್ಲೇ ಹೋತದೆ. ಆದ್ರೆ ದೇವಕಕ್ಕನ್ನ ಬಿಟ್ಟು ಯಾವ ಮುಖ ಹೊತ್ತು ಈ ದಾರಿಯಲ್ಲಿ ಗಾಡಿ ಓಡ್ಸುದು?"

ದೇವಕಕ್ಕ ಖಾಲಿ ಬುಟ್ಟಿಯೊಂದಿಗೆ ಬಂದು ಒಳಗೆ ಇಣುಕಿದಳು. ಸೀಟು ತೆಗೆದ ನೆಲದ ಮೇಲೆ, ಟ್ಯಾಂಕಿಗೆ ತಾಗದಂತೆ ಬುಟ್ಟಿ ಇಟ್ಟು ಅಲ್ಲಾಡಿಸಿ ನೋಡಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ನಾನು ಮುಂದೆ ಹತ್ತಿದೆ, ಅವಳು ಬುಟ್ಟಿಯ ಪಕ್ಕ ನೆಲದಲ್ಲೇ ಕಾಲು ಮಡಚಿ ಕೂತಳು. ವ್ಯಾನು ಹೊರಟು ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಅವಳ ದನಿ ಕೇಳಿತು.

"ತಮಾ, ನಾಳೆ ಲಗೂ ಬಾ. ಶೆಟ್ಲಿ ಮೀನು ಬತ್ತದೆ."