ಬಿಚ್ಚಿಟ್ಟ ಸೈರನ್ ಕೂಗಿದ ದಿನ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಪೂರ್ತಿ ಓದಿದವಳಲ್ಲ. ನಮ್ಮ ಮನೆಯಲ್ಲಿ ನಂಬುವ ಕೆಲಸವನ್ನೆಲ್ಲ ಅಮ್ಮನೇ ವಹಿಸಿಕೊಂಡಿದ್ದಳು. ಬಾಗಿಲಿಗೆ ನಿಂಬೆಹಣ್ಣು ಕಟ್ಟುವುದು, ಹೊರಡುವಾಗ ಒಂಟಿ ಸೀನು ಬಂದರೆ ಸ್ವಲ್ಪ ಹೊತ್ತು ಕೂರಿಸುವುದು, ಹಲ್ಲಿ ಲೊಚಗುಟ್ಟಿದರೆ 'ಕೃಷ್ಣ ಕೃಷ್ಣ' ಎಂದು ನೆಲ ಕುಟ್ಟುವುದು. ನನ್ನದು ಎಲ್ಲದಕ್ಕೂ ಒಂದೇ ಉತ್ತರ: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಈಗ ನಾನು ಬರೆಯಲು ಹೊರಟಿರುವುದನ್ನು ಓದಿ ನೀವೂ ನನಗೆ ಅದೇ ಗಾದೆ ಹೇಳಬಹುದು. ಹೇಳಿ, ಬೇಸರವಿಲ್ಲ. ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಈ ಒಂದು ವಿಷಯಕ್ಕೆ ಮಾತ್ರ ಅದು ಹೊಂದಲಿಲ್ಲ.

ನಾನಾಗ ಬಿ.ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿ ವರದಿ ಕೊಡದಿದ್ದರೆ ಡಿಗ್ರಿ ಕೈಗೆ ಬರುವುದಿಲ್ಲ. ಗೆಳತಿಯರಿಗೆಲ್ಲ ಹೆಬ್ಬಾಳದ ಕಡೆಯ ಗಾಜಿನ ಕಟ್ಟಡಗಳಲ್ಲಿ ಜಾಗ ಸಿಕ್ಕಿತು. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ದಿನಾ ಫೋಟೋ ಹಾಕುತ್ತಿದ್ದರು. ನನಗೆ ಸಿಕ್ಕಿದ್ದು ನಾಗಸಂದ್ರದಲ್ಲಿ ನೀರಿನ ಪಂಪಿನ ಮೋಟಾರು ಮಾಡುವ ಒಂದು ಹಳೆಯ ಕಾರ್ಖಾನೆ. ನಮ್ಮ ಮನೆ ಇದ್ದದ್ದು ಬಾಗಲಗುಂಟೆಯಲ್ಲಿ. "ಮಗಾ, ನಿಂಗೆ ಬಸ್ ಪಾಸ್ ಕೂಡ ಬೇಡ ಕಣೇ, ಮನೆಯಿಂದ ಬಗ್ಗಿ ನೋಡಿದ್ರೆ ಅಟೆಂಡೆನ್ಸ್" ಎಂದು ಗೆಳತಿಯೊಬ್ಬಳು ರೇಗಿಸಿದ್ದು ಇನ್ನೂ ನೆನಪಿದೆ.

ಇಂಟರ್ನ್ ಎಂದರೆ ಒಗ್ಗರಣೆಯ ಕರಿಬೇವು ಇದ್ದ ಹಾಗೆ, ಹಾಕುವವರು ಎಲ್ಲರೂ, ತಿನ್ನುವವರು ಯಾರೂ ಇಲ್ಲ. ಆದರೆ ಅಲ್ಲಿನ ಹೆಚ್.ಆರ್. ಮ್ಯಾನೇಜರ್ ಸತೀಶ್ ಸರ್ ನನಗೆ ನಿಜವಾದ ಕೆಲಸವನ್ನೇ ಕೊಟ್ಟರು. ಕಾರ್ಖಾನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಏಳುತ್ತಿದ್ದುದರಿಂದ ಅಷ್ಟು ಹೊತ್ತು ಮಷೀನುಗಳೆಲ್ಲ ನಿಲ್ಲುತ್ತಿದ್ದವು. ಮೂರು ತಂಡ ಮಾಡಿ ಒಂದೊಂದೇ ತಂಡವನ್ನು ಊಟಕ್ಕೆ ಬಿಟ್ಟರೆ ಕೆಲಸ ನಿಲ್ಲುವುದಿಲ್ಲ ಎಂಬುದು ಅವರ ಯೋಜನೆ. ವೈಂಡಿಂಗ್ ವಿಭಾಗದಲ್ಲಿ ಕೂತು, ಯಾರು ಯಾವಾಗ ಏಳುತ್ತಾರೆ, ಮತ್ತೆ ಯಾವಾಗ ಕೂರುತ್ತಾರೆ ಎಂದು ಗಮನಿಸಿ, ಆ ಯೋಜನೆಗೆ ಆಧಾರ ಒದಗಿಸಬೇಕಿತ್ತು. "ಇದನ್ನ ನೀಟಾಗಿ ಮಾಡಿ. ಡಿಗ್ರಿ ಮುಗಿದ ಮೇಲೆ ನೀವು ಬೇರೆ ಕಡೆ ಕೆಲಸ ಹುಡುಕೋದೇ ಬೇಡ" ಎಂದರು. ನಾನು ಅವತ್ತೇ ಮನೆಗೆ ಬಂದು ಅಮ್ಮನಿಗೆ ಕೆಲಸ ಸಿಕ್ಕೇಬಿಟ್ಟಿತು ಎಂಬಂತೆ ಹೇಳಿದೆ. ಅಮ್ಮ ಪಕ್ಕದ ಮನೆಯವರಿಗೆ, ಅವರು ಇಡೀ ಬೀದಿಗೆ.

ವೈಂಡಿಂಗ್ ಎಂದರೆ ಮೋಟಾರಿನ ಒಳಗೆ ತಾಮ್ರದ ತಂತಿ ಸುತ್ತುವ ಕೆಲಸ. ಅಲ್ಲಿ ಇದ್ದವರೆಲ್ಲ ಹೆಂಗಸರು, ಮೂವತ್ತಕ್ಕೂ ಹೆಚ್ಚು ಜನ. ಉದ್ದನೆಯ ಮೇಜುಗಳು, ಅವುಗಳ ನೆತ್ತಿಯ ಮೇಲೆ ಕಬ್ಬಿಣದ ಒಂದು ಅಟ್ಟ, ಅಟ್ಟದ ತುಂಬ ತಾಮ್ರದ ತಂತಿಯ ಭಾರಿ ಡ್ರಮ್ಮುಗಳು. ಬೇಸಿಗೆ ಬಂದರೆ ಪಂಪುಗಳಿಗೆ ಬೇಡಿಕೆ, ಹಾಗಾಗಿ ಆ ವಾರವಿಡೀ ಡ್ರಮ್ಮುಗಳನ್ನು ಮೇಲೇರಿಸುತ್ತಲೇ ಇದ್ದರು. ನಾನು ಕೂರುತ್ತಿದ್ದ ಸ್ಟೂಲು ಆ ಅಟ್ಟದ ಕೆಳಗೇ ಇತ್ತು, ಪುಟ್ಟಲಕ್ಷ್ಮಮ್ಮನ ಪಕ್ಕ. ಪುಟ್ಟಲಕ್ಷ್ಮಮ್ಮ ಆ ವಿಭಾಗದ ಮೇಲ್ವಿಚಾರಕಿ, ಹೆಸರಘಟ್ಟ ರಸ್ತೆಯ ಹಳ್ಳಿಯವರು, ಬಾಯಿ ಜೋರು. ಮೊದಲ ದಿನ ನನ್ನನ್ನು ನೋಡಿ, "ಏನಮ್ಮ, ನಾವು ಎಷ್ಟ್ ತುತ್ತು ತಿಂತೀವಿ ಅಂತ ಎಣಿಸೋಕ್ ಬಂದಿದ್ದೀಯಾ?" ಎಂದು ಕೇಳಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರ ಊಟವನ್ನು ಮಾತ್ರ ನೋಡಬೇಕಿತ್ತು. ಅಂಗಳದ ನಲ್ಲಿಯಲ್ಲಿ ಕೈ ತೊಳೆದು ಶೀಟಿನ ಚಪ್ಪರದ ಕೆಳಗೆ ಕೂತು, ಕೊನೆಯವರು ಬರುವ ತನಕ ಯಾರೂ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಆಮೇಲೆ ಎಲ್ಲರ ಡಬ್ಬಿ ಎಲ್ಲರಿಗೂ. ಒಬ್ಬರ ಅವರೆಕಾಳು ಸಾರು ಇನ್ನೊಬ್ಬರ ಮುದ್ದೆಗೆ. ಶಾಹೀನ್ ಎಂಬ ಹುಡುಗಿ ತರುತ್ತಿದ್ದ ಖಾರದ ಚಟ್ನಿಗೆ ಜಗಳವೇ ಆಗುತ್ತಿತ್ತು. ಮೂರು ತಂಡವಾದರೆ ಇದೆಲ್ಲ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ಯಾರೂ ನನಗೆ ತುತ್ತು ಕಮ್ಮಿ ಮಾಡಲಿಲ್ಲ.

ಮೊದಲು ಈ ಕಾರ್ಖಾನೆಗೆ ಒಂದು ಸೈರನ್ ಇತ್ತಂತೆ. ಛಾವಣಿಯ ಕಂಬದ ಮೇಲಿಂದ ಅದು ಕೂಗಿದರೆ ಸುತ್ತಲ ಬೀದಿಗಳಲ್ಲಿ ಅಕ್ಕಿ ಒಲೆಗೆ ಏರುತ್ತಿತ್ತು, ಮಕ್ಕಳು ಸ್ಕೂಲಿಗೆ ಓಡುತ್ತಿದ್ದವು. ಪಕ್ಕದಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಅಲ್ಲಿಯವರು ಗಲಾಟೆ ಎಂದು ದೂರು ಕೊಟ್ಟರು. ನಾನು ಸೇರುವುದಕ್ಕೆ ಎರಡು ವರ್ಷ ಮೊದಲೇ ಅದನ್ನು ಬಿಚ್ಚಿ ಮೆಟ್ಟಿಲ ಕೆಳಗಿನ ಸ್ಟೋರಿನಲ್ಲಿ ಇಟ್ಟಿದ್ದರು. ಊಟದ ಹೊತ್ತಿಗೆ ಗೋಡೆಯ ಗಡಿಯಾರ ನೋಡಿಯೇ ಏಳಬೇಕು. ಆದರೂ ಆಯುಧಪೂಜೆಯ ದಿನ ಈ ಹೆಂಗಸರು ಸ್ಟೋರಿನ ಬಾಗಿಲು ತೆಗೆಸಿ, ಕೆಲಸವಿಲ್ಲದ ಆ ಸೈರನ್ನಿಗೂ ಕುಂಕುಮವಿಟ್ಟು ಹೂವು ಮುಡಿಸುತ್ತಿದ್ದರು. ಕೇಳಿದ್ದಕ್ಕೆ ಪುಟ್ಟಲಕ್ಷ್ಮಮ್ಮ, "ರಿಟೈರ್ ಆದೋರ್ನ ಮದುವೆಗ್ ಕರೆಯಲ್ವಾ, ಅಂಗೇ ಕಣಮ್ಮ" ಎಂದರು.

ಅವತ್ತು ಬುಧವಾರವೋ ಗುರುವಾರವೋ ಇರಬೇಕು. ಬೆಳಗಿನ ಟೀ ಆಗಿತ್ತು, ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು. ನನ್ನ ಮೊಬೈಲನ್ನು ದೂರದ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ ಇಡೀ ವಿಭಾಗದ ವಿಡಿಯೋ ತೆಗೆಯುತ್ತಿದ್ದೆ. ಗಮನಿಸಿದ್ದನ್ನು ಆಮೇಲೆ ಸರಿನೋಡಲು ಅದು ಬೇಕಿತ್ತು. ನಾನು ನನ್ನ ಸ್ಟೂಲಿನ ಮೇಲೆ ಕೂತಿದ್ದೆ. ಮಷೀನುಗಳು ಗುಂಯ್ ಎನ್ನುತ್ತಿದ್ದವು.

ಇದ್ದಕ್ಕಿದ್ದಂತೆ ಎಲ್ಲರ ಕೈಗಳೂ ನಿಂತವು. ಒಬ್ಬೊಬ್ಬರೂ ತಮ್ಮ ಮಷೀನಿನ ಸ್ವಿಚ್ ಆರಿಸಿದರು, ಮಡಿಲಿನ ತಂತಿಚೂರು ಕೊಡವಿದರು, ಮೊಳೆಗೆ ತಗುಲಿಸಿದ್ದ ಊಟದ ಬ್ಯಾಗು ತೆಗೆದುಕೊಂಡರು. ಯಾರ ಮುಖದಲ್ಲೂ ಆತುರವಿರಲಿಲ್ಲ, ಗಾಬರಿಯಿರಲಿಲ್ಲ. ಮನೆಯ ಮಾತು, ಸೊಸೆಯ ಮಾತು ಆಡುತ್ತ ಬಾಗಿಲ ಕಡೆ ನಡೆದರು. ನಾನು ಗಡಿಯಾರ ನೋಡಿದೆ. ಮೂರು ತಂಡದ ಯೋಜನೆಯ ವಿಷಯಕ್ಕೆ ಮುಷ್ಕರ ಹೂಡಿದ್ದಾರೆ ಎಂದುಕೊಂಡೆ.

ಬಾಗಿಲಲ್ಲಿ ಪುಟ್ಟಲಕ್ಷ್ಮಮ್ಮ ತಿರುಗಿ ನೋಡಿದರು. "ಏನಮ್ಮ, ಇನ್ನೂ ಕೂತೇ ಇದೀಯಾ? ಏಳು, ಕೈ ತೊಳ್ಕೋ."

"ಇನ್ನೂ ಟೈಮ್ ಆಗಿಲ್ವಲ್ಲಮ್ಮ."

"ಸೈರನ್ ಕೂಗ್ತಲ್ಲ, ಕೇಳ್ಲಿಲ್ವಾ?"

ನನ್ನನ್ನು ರೇಗಿಸುತ್ತಿದ್ದಾರೆ ಎಂದುಕೊಂಡೆ. ಜೊತೆಗೆ ಹೋಗಿ ಸಮಾಧಾನ ಮಾಡೋಣ, ಇಲ್ಲದಿದ್ದರೆ ಸತೀಶ್ ಸರ್ ನನ್ನನ್ನೇ ಕೇಳುತ್ತಾರೆ ಎಂದು ಎದ್ದು ಅವರ ಹಿಂದೆ ಅಂಗಳಕ್ಕೆ ಬಂದೆ. ನಲ್ಲಿಯ ಹತ್ತಿರ ಸಾಲು ನಿಂತಿತ್ತು. ನಾನು ನೀರಿಗೆ ಕೈ ಒಡ್ಡಿದ್ದೆ, ಅಷ್ಟರಲ್ಲಿ ಒಳಗಿಂದ ಕಬ್ಬಿಣ ಹರಿದ ಸದ್ದು ಬಂತು, ಅದರ ಹಿಂದೆಯೇ ಕಾಲ ಕೆಳಗಿನ ನೆಲ ಅದುರಿತು. ಬಾಗಿಲಿನಿಂದ ಧೂಳು ಹೊರಗೆ ಉಕ್ಕಿ ಬಂತು.

ಅಟ್ಟ ಪೂರ್ತಿ ಕುಸಿದಿತ್ತು. ಮೇಜುಗಳು ಕಾಣಿಸುತ್ತಿರಲಿಲ್ಲ. ನನ್ನ ಸ್ಟೂಲು ಒಂದು ಡ್ರಮ್ಮಿನ ಅಡಿಯಲ್ಲಿ ಚಪ್ಪಟೆಯಾಗಿತ್ತು. ಒಬ್ಬರಿಗೂ ಒಂದು ತರಚು ಗಾಯ ಕೂಡ ಇರಲಿಲ್ಲ. ಕೆಲವರು ಅಳುತ್ತಿದ್ದರು, ಕೆಲವರು ತಮ್ಮ ಜಾಗ ಯಾವುದೆಂದು ಬೆರಳು ಮಾಡಿ ತೋರಿಸುತ್ತಿದ್ದರು.

ಆ ಗದ್ದಲದ ನಡುವೆ ಶಾಹೀನ್ ತನ್ನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಕೇಳಿದಳು. "ಅಕ್ಕ, ಸೈರನ್ ಬಿಚ್ಚಿ ಎರಡು ವರ್ಷ ಆಯ್ತಲ್ಲ?"

ಎಲ್ಲರೂ ಅವಳ ಕಡೆ ತಿರುಗಿದರು. ಅಲ್ಲಿಯವರೆಗೆ ಅವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಹಿಂದೆ ದಿನಾ ಕೇಳುತ್ತಿದ್ದದ್ದು ಕೇಳಿಸಿತು, ದಿನಾ ಏಳುತ್ತಿದ್ದಂತೆ ಎದ್ದರು, ಅಷ್ಟೇ. ಪುಟ್ಟಲಕ್ಷ್ಮಮ್ಮ ತಲೆಯೆತ್ತಿ ಛಾವಣಿಯ ಮೇಲಿನ ಬರಿಯ ಕಂಬವನ್ನು ನೋಡಿದರು.

ಸತೀಶ್ ಸರ್ ಆ ಹೊತ್ತಿಗೆ ಆಫೀಸಿನಿಂದ ಓಡಿಬಂದಿದ್ದರು. ಅವರಿಗೂ ಸೈರನ್ ಕೇಳಿಸಿರಲಿಲ್ಲ. ಅವರೇ ಸ್ಟೋರಿನ ಬೀಗ ತೆಗೆಸಿದರು. ಸೈರನ್ ಇದ್ದಲ್ಲೇ ಇತ್ತು, ತುಂಡಾದ ವೈರು ಪಕ್ಕದಲ್ಲಿ ಸುತ್ತಿಟ್ಟಿತ್ತು. ಮೈತುಂಬ ಧೂಳು. ಧೂಳಿನ ಅಡಿಯಲ್ಲಿ ಹೋದ ಆಯುಧಪೂಜೆಯ ಕುಂಕುಮ, ಒಣಗಿದ ಒಂದೆರಡು ಸೇವಂತಿಗೆ. ಯಾರೂ ಅದನ್ನು ಮುಟ್ಟಲಿಲ್ಲ. ಹೆಂಗಸರು ಹೊರಗಿನಿಂದಲೇ ಕೈ ಮುಗಿದರು. ನನಗೆ ಗೊತ್ತಾಗುವ ಮೊದಲೇ ನನ್ನ ಕೈಗಳೂ ಜೋಡಿಕೊಂಡಿದ್ದವು.

ಮನೆಗೆ ಬಂದು ಹೇಳಿದಾಗ ಅಮ್ಮ 'ನಾನು ಹೇಳ್ಲಿಲ್ವಾ' ಎನ್ನುತ್ತಾಳೆ ಎಂದು ಕಾದಿದ್ದೆ. ಅದರ ಬದಲು ಅವಳು ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ನಾನು ಮೊದಲ ಸಲ ಸುಮ್ಮನೆ ಕೂತು ತೆಗೆಸಿಕೊಂಡೆ.

ಮೊಬೈಲು ಕಿಟಕಿಯಲ್ಲೇ ಉಳಿದಿತ್ತು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಸೈರನ್ ಇಲ್ಲ. ಮಷೀನಿನ ಸದ್ದಿದೆ, ಯಾರೋ ಕೆಮ್ಮಿದ್ದಿದೆ, ರಸ್ತೆಯ ಹಾರ್ನ್ ಇದೆ. ನಾನೂ ಬುದ್ಧಿವಂತಿಕೆ ಖರ್ಚು ಮಾಡಿದ್ದೇನೆ. ಮುರಿಯುವ ಮೊದಲು ಅಟ್ಟ ಸಣ್ಣಗೆ ನರಳಿರಬಹುದು, ವರ್ಷಗಟ್ಟಲೆ ಅದರ ಕೆಳಗೆ ಕೂತವರ ಮೈಗೆ ಅದು ತಿಳಿದು, ಮನಸ್ಸು ಅದನ್ನು ಸೈರನ್ ಎಂದುಕೊಂಡಿರಬಹುದು. ಆದರೆ ವಿಡಿಯೋದಲ್ಲಿ ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಟೀ ಲೋಟವೊಂದಿದೆ. ಅವರೆಲ್ಲ ಏಳುವಾಗ ಅದರೊಳಗಿನ ಟೀ ಸ್ವಲ್ಪವೂ ಅಲುಗುವುದಿಲ್ಲ.

ಇನ್ನೊಂದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಅಲ್ಲಿ ಭಾಗ್ಯ ಎಂಬಾಕೆ ಇದ್ದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು, ಸೈರನ್ ಇದ್ದ ಕಾಲದಲ್ಲೂ ಯಾರಾದರೂ ಬಂದು ಹೆಗಲು ಮುಟ್ಟಿದರೇ ಊಟಕ್ಕೆ ಏಳುತ್ತಿದ್ದಳಂತೆ. ವಿಡಿಯೋದಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವಳು ಅವಳೇ. ಯಾರೂ ಅವಳನ್ನು ಮುಟ್ಟಿರಲಿಲ್ಲ. ಮಾರನೆಯ ದಿನ ಸನ್ನೆಯಲ್ಲಿ ಕೇಳಿದೆ. ಅವಳು ತನ್ನ ಕಿವಿಯನ್ನು ಮುಟ್ಟಿಕೊಂಡಳು, ಛಾವಣಿಯ ಕಡೆ ಬೆರಳು ತೋರಿಸಿದಳು, ಆಮೇಲೆ ನಗುತ್ತ ಅತ್ತಳು.

ವರದಿ ಬರೆಯುವ ಹೊತ್ತು ಬಂತು. ಆ ಒಂದು ದಿನವನ್ನು ಬಿಟ್ಟು ಉಳಿದದ್ದನ್ನು ಬರೆಯಲು ಸತೀಶ್ ಸರ್ ಹೇಳಿದರು. ಉಳಿದ ದಿನಗಳೆಲ್ಲ ಅವರ ಯೋಜನೆಯ ಪರವಾಗಿಯೇ ಇದ್ದವು. ಕೆಲಸ ನನ್ನ ಕೈಗೆ ಬಂದಂತೆಯೇ ಇತ್ತು. ಎರಡು ದಿನ ಲ್ಯಾಪ್‌ಟಾಪ್ ಮುಂದೆ ಕೂತೆ. ಮೂರು ತಂಡವಾಗಿದ್ದರೆ ಆ ಸೈರನ್ನಿಗೆ ಒಂದು ತಂಡ ಎದ್ದು ಉಳಿದವರು ನಮ್ಮ ಸರದಿಯಲ್ಲ ಎಂದು ಕೂತೇ ಇರುತ್ತಿದ್ದರು ಎಂಬ ಯೋಚನೆ ತಲೆಯಿಂದ ಹೋಗಲಿಲ್ಲ. ಕೊನೆಗೆ ಊಟ ಈಗಿರುವಂತೆಯೇ ಒಟ್ಟಿಗೆ ನಡೆಯಲಿ ಎಂದು ಬರೆದೆ. ಆ ದಿನ ಕೆಲಸ ನಿಂತದ್ದಕ್ಕೆ ಕಾರಣ ಎಂಬಲ್ಲಿ 'ಸೈರನ್ ಕೂಗಿದ್ದರಿಂದ' ಎಂದು ಬರೆದೆ.

ಸತೀಶ್ ಸರ್ ಓದಿದರು. "ಈ ಪೇಜು ನಾನು ಓದಿಲ್ಲ ಅಂದ್ಕೊಳ್ಳಿ" ಎಂದು ಸರ್ಟಿಫಿಕೇಟಿಗೆ ಸಹಿ ಹಾಕಿಕೊಟ್ಟರು. ಕೆಲಸದ ಮಾತು ಮತ್ತೆ ಬರಲಿಲ್ಲ. ಊಟದ ಮೂರು ತಂಡದ ಮಾತೂ ಬರಲಿಲ್ಲ. ಕಾಲೇಜಿನ ವೈವಾದಲ್ಲಿ ಪರೀಕ್ಷಕರು ಆ ಸಾಲಿನ ಮೇಲೆ ಬೆರಳಿಟ್ಟು, ನೀವು ಕೇಳಿದಿರಾ ಎಂದರು. ಇಲ್ಲ ಸರ್ ಎಂದೆ. ಮತ್ತೆ ಹೇಗೆ ಬರೆದಿರಿ ಎಂದರು. ಕೇಳಿದವರು ಎದ್ದು ಹೋದರು ಸರ್, ಅವರ ಜೊತೆ ನಾನೂ ಹೋದೆ, ಅದಕ್ಕೇ ಈಗ ನಿಮ್ಮ ಮುಂದೆ ಇದ್ದೇನೆ ಎಂದೆ.

ಈಗ ನಾನೂ ಹೆಬ್ಬಾಳದ ಒಂದು ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುತ್ತೇನೆ. ಕಾಗೆ, ಕೊಂಬೆಯ ಗಾದೆಯನ್ನು ಈಗಲೂ ಹೇಳುತ್ತೇನೆ. ಆದರೆ ಅವತ್ತು ಕೊಂಬೆ ಮುರಿಯುವ ಮೊದಲೇ ಅಷ್ಟೂ ಹಕ್ಕಿಗಳು ಎದ್ದು ಹೋಗಿದ್ದವು. ಅವುಗಳನ್ನು ಎಬ್ಬಿಸಿದ್ದು ಏನು, ಅದು ನನ್ನ ಕಿವಿಗೆ ಯಾಕೆ ಬೀಳಲಿಲ್ಲ, ನನಗೆ ಗೊತ್ತಿಲ್ಲ.

ಮೊನ್ನೆ ಬಾಗಲಗುಂಟೆಯ ತರಕಾರಿ ಅಂಗಡಿಯಲ್ಲಿ ಪುಟ್ಟಲಕ್ಷ್ಮಮ್ಮ ಸಿಕ್ಕಿದ್ದರು. ಇನ್ನೂ ಅದೇ ಕೆಲಸ, ಅದೇ ಜೋರು ಬಾಯಿ. ಆಮೇಲೆ ಯಾವತ್ತಾದರೂ ಸೈರನ್ ಕೂಗಿತೇ ಎಂದು ಕೇಳಿದೆ.

"ಇಲ್ಲ ಕಣಮ್ಮ" ಎಂದರು ಬದನೆಕಾಯಿ ಆರಿಸುತ್ತ. "ಕೂಗೋ ಅಂತಾದ್ದು ಏನೂ ಆಗಿಲ್ವಲ್ಲ."