ಸಾವ್ಚಿನ್ ಮನೆಯ ಎಡಗೈ ಗವಸು

ಸಾವ್ಚಿನ್ ಮನೆತನದಲ್ಲಿ ಮೊದಲು ಗೋಲಿನ ಮುಂದೆ ನಿಂತವನು ಒನುಫ್ರಿ. ಝೋರಾ ಊರಿನ ಹಿಂದಿನ ಹೊಂಡ ಹೆಪ್ಪುಗಟ್ಟಿದಾಗ, ಅಂಚೆಯಲ್ಲಿ ಬರುತ್ತಿದ್ದ ಅಂಗಡಿಯ ದಪ್ಪ ಕ್ಯಾಟಲಾಗುಗಳನ್ನು ಮೊಣಕಾಲಿನ ಕೆಳಗೆ ಗೋಣಿದಾರದಿಂದ ಬಿಗಿದುಕೊಂಡು, ಕಲ್ಲಾಗಿದ್ದ ಕುದುರೆ ಲದ್ದಿಯನ್ನೇ ಪಕ್, ಅಂದರೆ ಕೋಲಿನಿಂದ ಹೊಡೆಯುವ ಬಿಲ್ಲೆ, ಮಾಡಿಕೊಂಡು ಐಸ್ ಹಾಕಿ ಆಡಿದ ಕಾಲ ಅದು. ಅವನ ಹೆಂಡತಿ ಟೇಕ್ಲಾ ಹಳೆಯ ಉಣ್ಣೆಬೂಟು ಕತ್ತರಿಸಿ ಎದೆಗೆ ಕವಚ ಹೊಲಿದುಕೊಟ್ಟಳು. ಭಾನುವಾರ ಚರ್ಚು ತಪ್ಪಿಸಿ ಹೊಂಡಕ್ಕೆ ಹೋದದ್ದಕ್ಕೆ, ಉಳಿದ ಇನ್ನೊಂದು ಬೂಟಿನಲ್ಲಿ ಬೆನ್ನಿಗೂ ಕೊಟ್ಟಳು.

ಅವರ ಮಗ ದಿಮಿತ್ರೊ ಮುಖವಾಡವಿಲ್ಲದೆ ಹದಿಮೂರು ಚಳಿಗಾಲ ನಿಂತ. ಮೂಗು ಮೂರು ಸಲ ಮುರಿಯಿತು, ಹಲ್ಲು ನಾಲ್ಕು ಉದುರಿದವು, ಆದರೆ ಪಕ್ಕದ ನೋರ್‌ಬಿ ಊರಿನವರು ಅವನನ್ನು ದಾಟಿ ಕಪ್ ಒಯ್ಯಲಿಲ್ಲ. ದಿಮಿತ್ರೊನ ಮಗ ಒರೆಸ್ತ್ ಒಂದೇ ಚಳಿಗಾಲ ನಿಂತು, ಎಲ್ಲರೂ ನನಗೇ ಹೊಡೆಯುತ್ತಾರೆ ಎಂದು ಮುಂದಿನ ಸಾಲಿಗೆ ಓಡಿದ. ಆ ಮಾತನ್ನು ಮನೆಯಲ್ಲಿ ಇಂದಿಗೂ ನೆಂಟರ ಎದುರು ಎತ್ತುವುದಿಲ್ಲ. ನೆಂಟರು ಎದ್ದು ಹೋದ ಮೇಲೆ ಎತ್ತುತ್ತಾರೆ.

ಒರೆಸ್ತನ ಮಗಳು ಡಾರ್ಕಾ. ಹದಿನೈದು ವರ್ಷ, ಉದ್ದ ಕಾಲು, ಗಿಡ್ಡ ಮಾತು. ತಲೆ ಎಣಿಸಿದರೆ ಗೋಲು ಕಾಯುವ ನಾಲ್ಕನೆಯ ಸಾವ್ಚಿನ್, ಹೆಣ್ಣುಮಕ್ಕಳಲ್ಲಿ ಮೊದಲನೆಯವಳು.

ಗೋಲು ಕಾಯುವವಳ ತಯಾರಿ ಹಾಲು ಕಾಯಿಸಿದಂತೆ. ಪಕ್ಕದಲ್ಲಿ ನಿಂತು ಯಾರಾದರೂ ಮಾತಿಗೆಳೆದರೆ ಉಕ್ಕಿ ಒಲೆಗೆ ಹೋಗುತ್ತದೆ. ಡಾರ್ಕಾ ಆಟಕ್ಕೆ ಒಂದೂವರೆ ಗಂಟೆ ಮೊದಲೇ ಊರಿನ ಐಸ್ ರಿಂಕ್ ಸೇರುತ್ತಿದ್ದಳು. ಮೊದಲು ಗೋಡೆಗೆ ಟೆನಿಸ್ ಚೆಂಡು ಎಸೆದು ಹಿಡಿಯುವುದು, ಎಡಗೈಗೆ ಐವತ್ತು, ಬಲಗೈಗೆ ಐವತ್ತು. ಆಮೇಲೆ ನೆಲದಲ್ಲಿ ಕಾಲೆರಡನ್ನೂ ಅಗಲಿಸಿ ಸೊಂಟ ಸಡಿಲ ಮಾಡುವುದು. ಆಮೇಲೆ ಒಬ್ಬಳೇ ಕೂತು, ಕಣ್ಣು ಮುಚ್ಚಿ, ಬರಲಿರುವ ಹೊಡೆತಗಳನ್ನು ಮನಸ್ಸಿನಲ್ಲೇ ತಡೆಯುವುದು. ಪ್ಯಾಡು ಮೊದಲು ಎಡಗಾಲಿಗೆ, ನಂತರ ಬಲಗಾಲಿಗೆ. ಇಷ್ಟೇ ಅವಳ ಪೂಜೆ. ಆದರೆ ಝೋರಾದಲ್ಲಿ ಇದನ್ನು ನೆಟ್ಟಗೆ ಮುಗಿಸಲು ಬಿಟ್ಟವರೇ ಇಲ್ಲ.

ಕಣ್ಣು ಮುಚ್ಚಿದರೆ ಅಪ್ಪ ಬಂದು, "ನಿದ್ದೆ ಬರ್ತಿದ್ಯೇನೇ, ಕಾಫಿ ತರ್ಲಾ?" ಎನ್ನುತ್ತಿದ್ದ. ಕಾಲು ಅಗಲಿಸಿದರೆ ಟಿಕೆಟ್ ಹರಿಯುವ ಹೆಂಗಸು, "ಅಯ್ಯೋ ಕಂದ, ನೋಯಲ್ವಾ?" ಎಂದು ಎಬ್ಬಿಸಲು ಕೈ ಚಾಚುತ್ತಿದ್ದಳು. ಐಸಿಗೆ ಇಳಿದ ಮೇಲೆ ತಂಡದ ಹುಡುಗಿಯರು ಅವಳ ಕೈಕಾಲು ಬೆಚ್ಚಗಾಗುವಂತೆ ಮೆಲ್ಲಗೆ ಹೊಡೆದುಕೊಡಬೇಕು. ಅವರೋ ಮೊದಲ ಪಕ್ಕನ್ನೇ ಕಿವಿಯ ಪಕ್ಕದಲ್ಲಿ ಹಾರಿಸಿ, ಗೋಲಾಯಿತೆಂದು ಕೋಲೆತ್ತಿ ಕುಣಿಯುತ್ತಿದ್ದರು.

"ಇದು ನಿಮ್ಮ ಅಭ್ಯಾಸಕ್ಕಲ್ಲ ಕಣ್ರೇ, ನನ್ನ ಅಭ್ಯಾಸಕ್ಕೆ," ಎಂದು ಮುಖವಾಡದೊಳಗಿಂದ ಡಾರ್ಕಾ ಎಷ್ಟು ಸಲ ಹೇಳಿದ್ದಳೋ.

"ಹಾಗಾದ್ರೆ ತಡಿಯೇ ತಾಯಿ," ಎನ್ನುತ್ತಿದ್ದರು ಅವರು.

ಇವರೆಲ್ಲರನ್ನೂ ಸಹಿಸಬಹುದಿತ್ತು. ಅವಳು ದೀದೊ ಎಂದು ಕರೆಯುವ ಅಜ್ಜ ದಿಮಿತ್ರೊನನ್ನು ಸಹಿಸುವುದು ಮಾತ್ರ ಬೇರೆಯೇ ಕಸರತ್ತು. ಎಂಬತ್ತೆರಡರ ಮುದುಕ ಗಾಜಿನ ಆಚೆ ನಿಂತು, ಟೋಪಿಯಿಂದ ಎಡಕ್ಕೆ ಸರಿ, ಬಲಕ್ಕೆ ಸರಿ ಎಂದು ದನ ಅಟ್ಟುವವನಂತೆ ಸನ್ನೆ ಮಾಡುತ್ತಿದ್ದ.

ಆ ವರ್ಷ ಫೆಬ್ರವರಿಯಲ್ಲಿ ಡಾರ್ಕಾಳ ಎಡಗೈ ಗವಸು, ಪಕ್ ಹಿಡಿಯುವ ಆ ದೊಡ್ಡ ಚರ್ಮದ ಗವಸು, ಹೆಬ್ಬೆಟ್ಟಿಗೂ ಬೆರಳುಗಳಿಗೂ ನಡುವಿನ ಬಲೆಯ ಬುಡದಲ್ಲಿ ಹೊಲಿಗೆ ಬಿಟ್ಟುಕೊಳ್ಳತೊಡಗಿತು. ಕ್ರಿಸ್‌ಮಸ್‌ಗೆ ಬಂದ ಹೊಸತು ಇತ್ತು, ಆದರೆ ಹಲಗೆಯಂತೆ ಬಿಗಿ. ಹೊಸ ಗವಸನ್ನು ಕೈಗೆ ಪಳಗಿಸಬೇಕು. ದಿನವೂ ಒಂದು ಗಂಟೆ ತೆರೆದು ಮುಚ್ಚಿ, ಒಳಗೆ ಚೆಂಡಿಟ್ಟು ಬೆಲ್ಟು ಕಟ್ಟಿ, ಹಾಸಿಗೆಯಡಿ ಇಟ್ಟು ಮಲಗಬೇಕು. ಚರ್ಮ ಎಲ್ಲಿ ಮಡಿಚಿಕೊಂಡಿತೋ ಅಲ್ಲೇ ಮಡಿಚಿಕೊಳ್ಳುತ್ತದೆ; ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲ. ಡಾರ್ಕಾ ಆರು ವಾರ ಪಳಗಿಸಿ, ಬೆರಳುಗಳ ಬುಡದಲ್ಲಿ ಮಡಿಕೆ ಬೀಳುವ ಹಂತಕ್ಕೆ ತಂದಿದ್ದಳು. ಶನಿವಾರ ನೋರ್‌ಬಿ ಜೊತೆ ಫೈನಲ್.

ಬುಧವಾರ ಅವಳು ಶಾಲೆಗೆ ಹೋಗಿದ್ದಾಗ ಅಜ್ಜನಿಗೆ ಮೊಮ್ಮಗಳ ಮೇಲೆ ಕನಿಕರ ಬಂತು. ಈರುಳ್ಳಿ ತುಂಬಿದ ಪಿರೋಹಿ ಕಡುಬು ಬೇಯುತ್ತಿದ್ದ ಹಂಡೆಯ ಹಬೆಗೆ ಆ ಹೊಸ ಗವಸು ಹಿಡಿದ. ಮರದ ಸುತ್ತಿಗೆಯಿಂದ ಕುಟ್ಟಿದ. ತನಗೆ ತಿಳಿದಂತೆ ಮಡಿಚಿ, ಹಗ್ಗ ಬಿಗಿದು, ಪಿಕಪ್ ಗಾಡಿಯ ಚಕ್ರದಡಿ ಮಧ್ಯಾಹ್ನವೆಲ್ಲ ಇಟ್ಟ. ಸಂಜೆಗೆ ಗವಸು ಬೆಣ್ಣೆಯಾಗಿತ್ತು. ಯಾರಿಗೂ ಹೇಳದೆ ಚೀಲಕ್ಕೆ ಹಾಕಿದ, ಹುಡುಗಿ ನೋಡಿ ಹಿಗ್ಗಲಿ ಎಂದು.

ಗುರುವಾರದ ಅಭ್ಯಾಸದಲ್ಲಿ ಹತ್ತು ಪಕ್ ಬಂದರೆ ಆರು ಗವಸಿಗೆ ಬಡಿದು, ನೆಂಟರ ಮನೆಯಲ್ಲಿ ನಿಲ್ಲದ ಮಗುವಿನಂತೆ ಹೊರಗೆ ಜಿಗಿದವು. ಕೋಚ್ ರೆಂಪೆಲ್ ಗವಸನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದಳು.

"ಈರುಳ್ಳಿ ವಾಸನೆ ಬರ್ತಿದ್ಯಲ್ಲೇ."

"ನಮ್ಮಜ್ಜ," ಎಂದಳು ಡಾರ್ಕಾ. ಬೇರೆ ವಿವರಣೆ ಬೇಕಾಗಲಿಲ್ಲ.

"ನೋಡು, ನಿನ್ನ ಮೇಲೆ ನಂಗೆ ನಂಬಿಕೆ ಇದೆ, ಈ ಗವಸಿನ ಮೇಲಿಲ್ಲ. ಶನಿವಾರ ಆಟಕ್ಕೆ ಮುಂಚೆ ನಾನೇ ಹತ್ತು ಹೊಡೀತೀನಿ. ಒಂಬತ್ತು ಕೈಯಲ್ಲಿ ನಿಂತ್ರೆ ನೀನು. ಇಲ್ದಿದ್ರೆ ಬ್ರಿನ್ ನಿಲ್ತಾಳೆ."

ಬ್ರಿನ್ ತಂಡದ ಎರಡನೆಯ ಗೋಲ್‌ಕೀಪರ್. ಪಾಪ, ಅವಳು ತನ್ನ ಗವಸನ್ನೇ ಕೊಡಲು ಬಂದಳು. ಆದರೆ ಅವಳು ಬಲಗೈಯಲ್ಲಿ ಹಿಡಿಯುವವಳು. ಎಡಗಾಲಿಗೆ ಬಲಗಾಲ ಚಪ್ಪಲಿ ಕೊಟ್ಟಂತಾಯಿತು.

ಡಾರ್ಕಾ ಮನೆಗೆ ಬಂದವಳೇ ಗವಸನ್ನು ಅಜ್ಜನ ಸೂಪಿನ ತಟ್ಟೆಯ ಪಕ್ಕ ಇಟ್ಟಳು.

"ದೀದೊ, ಇದನ್ನ ಮುಟ್ಟು ಅಂತ ಯಾರು ಹೇಳಿದ್ರು ನಿಂಗೆ?"

"ಹೇಳ್ಬೇಕಾ? ಆರು ವಾರದಿಂದ ನೀನು ಅದರ ಜೊತೆ ಒದ್ದಾಡ್ತಿದ್ದೆ. ನಾನು ಒಂದೇ ದಿನದಲ್ಲಿ ಮುಗಿಸ್ದೆ."

"ಮುಗಿಸ್ದೆ, ನಿಜ. ಹೆಬ್ಬೆಟ್ಟಿನ ಹತ್ರ ಮಡಿಚ್ಕೊಳ್ತಿದೆ. ಅಲ್ಲಿ ಯಾರಾದ್ರೂ ಮಡಿಸ್ತಾರಾ?"

"ನಾನು ಮಡಿಸ್ತೀನಿ. ಹದಿಮೂರು ಚಳಿಗಾಲ ಹಾಗೇ ಹಿಡ್ದೆ. ನೋರ್‌ಬಿಯವ್ರನ್ನ ಕೇಳು."

"ಆ ಕಾಲದ ನೋರ್‌ಬಿಯವ್ರು ಸತ್ತು ಮಣ್ಣಾಗಿದಾರೆ ದೀದೊ. ಎಲ್ಲಿ, ನಿನ್ನ ಕೈ ತೋರ್ಸು."

ಮುದುಕ ಸಿಟ್ಟಿನಿಂದಲೇ ಎಡಗೈ ಚಾಚಿದ. ಡಾರ್ಕಾ ತನ್ನ ಕೈಯನ್ನು ಅದರ ಪಕ್ಕ ಇಟ್ಟಳು. "ಈಗ ಮುಚ್ಚು," ಎಂದಳು. ಅವಳ ನಾಲ್ಕು ಬೆರಳೂ ಅಂಗೈಗೆ ಬಂದವು. ಅವನ ಕಡೆಯ ಎರಡು ಬೆರಳು ಬೇಲಿಗೂಟದಂತೆ ನೆಟ್ಟಗೇ ನಿಂತವು. ಹೆಬ್ಬೆಟ್ಟು ಒಂದೇ ಓಡಿ ಬಂದು ತೋರುಬೆರಳನ್ನು ಮುಟ್ಟಿತು. ಅವನ ಎರಡನೆಯ ಚಳಿಗಾಲದಲ್ಲಿ ಒಂದು ಹೊಡೆತಕ್ಕೆ ಮುರಿದು, ವೈದ್ಯರಿಲ್ಲದೆ ತಾನಾಗಿಯೇ ಕೂಡಿಕೊಂಡ ಬೆರಳುಗಳು. ಅಲ್ಲಿಂದಾಚೆ ಅವನಿಗೆ ಬೇರೆ ರೀತಿಯಲ್ಲಿ ಹಿಡಿಯಲು ಬರಲೇ ಇಲ್ಲ. ಅರುವತ್ತು ವರ್ಷ ಅದನ್ನೇ ವಿದ್ಯೆ ಎಂದುಕೊಂಡಿದ್ದ. ಊರಿನ ಎಷ್ಟೋ ಮಕ್ಕಳಿಗೆ ಅದನ್ನೇ ಕಲಿಸಿಯೂ ಇದ್ದ.

ಮುದುಕ ತನ್ನ ಕೈಯನ್ನು ಹಾಗೇ ನೋಡುತ್ತ ಕುಳಿತ. ಸೂಪು ಆರಿತು.

"ಒರೆಸ್ತನಿಗೂ ಹೀಗೇ ಹೇಳ್ಕೊಟ್ಟಿದ್ದೆ," ಎಂದ ಕೊನೆಗೆ.

ಒಲೆಯ ಬಳಿ ಇದ್ದ ಒರೆಸ್ತ್ ತಿರುಗಿ ನೋಡಿದ. ಮೂವತ್ತು ವರ್ಷದಿಂದ ತಿಂದ ಹಂಗಿಸುವಿಕೆಯೆಲ್ಲ ಬಾಯಿಗೆ ಬಂದಿರಬೇಕು. ಆದರೂ ನುಂಗಿಕೊಂಡು, ಬ್ರೆಡ್ಡು ಕೊಯ್ದ.

ಡಾರ್ಕಾಳ ಸಿಟ್ಟು ಅದರಿಂದ ಇಳಿಯಲಿಲ್ಲ. ತೋರಿಸಲು ಜಾಗ ಇಲ್ಲದಂತಾಗಿ ಇನ್ನಷ್ಟು ಕುದಿಯಿತು. ಅವಳು ಹಳೆಯ ಗವಸನ್ನು ತೆಗೆದುಕೊಂಡು ನೆಲಮಾಳಿಗೆಗೆ ಇಳಿದು ಬಾಗಿಲು ಹಾಕಿಕೊಂಡಳು. ಗುರುವಾರ, ಶುಕ್ರವಾರ ಎರಡು ಸಂಜೆ ಸ್ಕೇಟಿನ ಲಾಡಿ, ಮೇಣದ ದಾರ ಹಿಡಿದು ಬಲೆಯ ಬುಡವನ್ನು ತಾನೇ ಹೆಣೆದಳು. ಹೊಲಿಗೆ ಕೋಳಿ ಕಾಲಿನ ಗುರುತಿನಂತಿತ್ತು. ಮೇಲಿನಿಂದ ಅಜ್ಜ ಮೂರು ಸಲ ಕೆಮ್ಮಿದ. ಅಪ್ಪ ಎರಡು ಸಲ ಬಾಗಿಲು ತಟ್ಟಿದ. ಅವಳು ಇನ್ನೊಂದು ಎಳೆ ಎಳೆದು ಬಿಗಿದಳು.

ಶನಿವಾರ ಕೋಚ್ ಹತ್ತು ಹೊಡೆದಳು, ಒಂದನ್ನೂ ಮೆಲ್ಲಗೆ ಹೊಡೆಯಲಿಲ್ಲ. ನಾಲ್ಕನೆಯದು ಹೊರಗೆ ಜಿಗಿಯಿತು. ಉಳಿದ ಒಂಬತ್ತು ಗವಸಿನೊಳಗೇ ನಿಂತವು.

"ನೀನೇ," ಎಂದು ಕೋಚ್ ಹೊರಟುಹೋದಳು.

ಬೆಂಚಿಗೆ ಬಂದು ನೋಡಿದರೆ, ಕಡೆಯ ಹೊಡೆತಕ್ಕೆ ಒಂದು ಎಳೆ ಸಡಿಲಗೊಂಡು ಜೋತಾಡುತ್ತಿತ್ತು. ಆಟಕ್ಕೆ ಎಂಟು ನಿಮಿಷ ಇತ್ತು. ಡಾರ್ಕಾ ಜೇಬಿನಿಂದ ಸೂಜಿ ತೆಗೆಯುವಷ್ಟರಲ್ಲಿ ಅಪ್ಪ ಇಕ್ಕಳ ಹಿಡಿದು ಬಂದ, ಬ್ರಿನ್ ಟೇಪು ಹಿಡಿದು ಬಂದಳು. ಅವರಿಬ್ಬರನ್ನು ಸರಿಸಿಕೊಂಡು ಅಜ್ಜ ಬಂದ. ಕುದುರೆಯ ಜೀನು ಹೊಲಿಯುವ ತನ್ನ ಹಳೆಯ ದಬ್ಬಳವನ್ನು ಒರೆಸಿ, ದಾರ ಪೋಣಿಸಿಕೊಂಡೇ ತಂದಿದ್ದ.

"ಕೊಡು ಇಲ್ಲಿ. ಈ ಸಲ ನೀನು ಹೇಳಿದ ಕಡೆಗೇ ಹೊಲೀತೀನಿ."

ಡಾರ್ಕಾ ಗವಸನ್ನು ಎದೆಗವಚಿಕೊಂಡಳು.

"ಬೇಡ ದೀದೊ. ನೀನೂ ಬೇಡ, ಅಪ್ಪನೂ ಬೇಡ, ಆ ಟೇಪೂ ಬೇಡ. ಬಿಟ್ಟುಕೊಂಡ್ರೆ ನನ್ನ ಹೊಲಿಗೆನೇ ಬಿಟ್ಟುಕೊಳ್ಲಿ, ಬೈಕೊಳ್ಳೋಕೆ ನಾನೊಬ್ಬಳೇ ಇರ್ತೀನಿ. ಹೋಗಿ ಕೂತ್ಕೊ. ಹಾಂ, ಆ ಟೋಪಿ ತಲೆ ಮೇಲೇ ಇರ್ಲಿ."